ಆಸ್ಪತ್ರೆ, ಪೈಪ್‌ಲೈನ್, ದತ್ತಾಂಶ ಕೇಂದ್ರ ಒತ್ತೆಯಾದಾಗ ಸರ್ಕಾರ ಏನು ಮಾಡುತ್ತದೆ?

2021ರ ಮೇ 7, ಶುಕ್ರವಾರ. ಬೆಳಗಿನ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿದ್ದ ಉದ್ಯೋಗಿಯೊಬ್ಬರಿಗೆ ಕಂಪ್ಯೂಟರ್ ಪರದೆಯ ಮೇಲೆ ಒತ್ತೆಹಣ ಕೇಳುವ ಟಿಪ್ಪಣಿ ಕಾಣಿಸಿತು. ವಿಷಯ ತಕ್ಷಣ ಮೇಲಿನವರಿಗೆ ಮುಟ್ಟಿತು. ಸುಮಾರು ಒಂದು ಗಂಟೆಯಲ್ಲಿ 5,500 ಮೈಲಿ ಉದ್ದದ ಇಡೀ ಕೊಳವೆಮಾರ್ಗ ನಿಂತುಹೋಯಿತು. ಟೆಕ್ಸಾಸ್‌ನಿಂದ ನ್ಯೂಜೆರ್ಸಿಯವರೆಗೆ ಹೋಗುವ ಈ ಮಾರ್ಗ, ದೇಶದ ಪೂರ್ವ ಕರಾವಳಿ ಬಳಸುವ ಇಂಧನದಲ್ಲಿ ಹತ್ತಿರಹತ್ತಿರ ಶೇ 45ರಷ್ಟನ್ನು ಸಾಗಿಸುತ್ತಿತ್ತು.

ಕೊಳವೆಗಳನ್ನು ನಡೆಸುವ ಯಂತ್ರಗಳಿಗೆ ದಾಳಿಕೋರರು ಕೈಹಾಕಿದ ಪುರಾವೆ ಸಿಗಲಿಲ್ಲ. ಕೆಟ್ಟಿದ್ದು ಕಚೇರಿಯ ಕಂಪ್ಯೂಟರ್‌ಗಳು. ಮಾರ್ಗವನ್ನು ನಿಲ್ಲಿಸಿದ್ದು ಕಂಪನಿಯೇ. ಸೋಂಕು ಎಲ್ಲಿಯವರೆಗೆ ಹರಡಿದೆ ಎಂದು ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಂತ್ರಗಳವರೆಗೂ ಹೋಗಿದ್ದರೆ ಎಂಬ ಭಯವಿತ್ತು. ಮರುದಿನ ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್, ಡಾರ್ಕ್‌ಸೈಡ್ ಎಂಬ ಗುಂಪಿಗೆ ಕೊಟ್ಟಿತು. ಬದಲಿಗೆ ಸಿಕ್ಕ ಬೀಗ ತೆರೆಯುವ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ, ಕಂಪನಿ ತನ್ನದೇ ಬ್ಯಾಕಪ್‌ಗಳನ್ನು ಬಳಸಿ ಎದ್ದು ನಿಲ್ಲಬೇಕಾಯಿತು. ಅಷ್ಟರಲ್ಲಿ ಆಗ್ನೇಯ ರಾಜ್ಯಗಳ ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆದಿತ್ತು, ಗಾಬರಿಯಲ್ಲಿ ಜನ ಮುಗಿಬಿದ್ದು ಹಲವು ಬಂಕ್‌ಗಳು ಬರಿದಾಗಿದ್ದವು. ದಾಳಿಕೋರರು ಒಳಗೆ ಬಂದದ್ದು ಬಳಕೆ ನಿಂತಿದ್ದ ಒಂದು ವಿಪಿಎನ್ ಖಾತೆಯ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ಖಾತೆ) ಮೂಲಕ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು, ಎರಡನೆಯ ಹಂತದ ದೃಢೀಕರಣ ಇರಲಿಲ್ಲ.

ಮುಂದಿನ ಆರು ವಾರಗಳಲ್ಲಿ ಅಮೆರಿಕ ಸರ್ಕಾರ ಮಾಡಿದ ಕೆಲಸಗಳನ್ನು ನೋಡಿದರೆ, ಇಂಥ ದಾಳಿಗೆ ಸರ್ಕಾರದ ಕೈಯಲ್ಲಿ ಏನೇನು ಸಾಧನಗಳಿವೆ ಎಂಬುದರ ಒಂದು ಚಿತ್ರ ಸಿಗುತ್ತದೆ. 17 ರಾಜ್ಯಗಳು ಮತ್ತು ರಾಜಧಾನಿಯಲ್ಲಿ ಇಂಧನ ಟ್ಯಾಂಕರ್ ಚಾಲಕರ ಕೆಲಸದ ಅವಧಿಯ ಮಿತಿಯನ್ನು ಸಡಿಲಿಸಿ, ರಸ್ತೆಯ ಮೂಲಕವಾದರೂ ಪೂರೈಕೆ ನಡೆಯಲಿ ಎಂದು ತುರ್ತು ಆದೇಶ ಹೊರಡಿಸಿತು. ಎಫ್‌ಬಿಐ ತನಿಖೆಗೆ ಇಳಿಯಿತು. ಮೇ ಕೊನೆಯ ವಾರದಲ್ಲಿ, ಕೊಳವೆಮಾರ್ಗಗಳ ಭದ್ರತೆಯ ಹೊಣೆ ಹೊತ್ತ ಸಾರಿಗೆ ಭದ್ರತಾ ಸಂಸ್ಥೆ ಮೊದಲ ಬಾರಿಗೆ ಕಡ್ಡಾಯ ನಿಯಮ ತಂದು, ಸೈಬರ್ ಘಟನೆಯನ್ನು 12 ಗಂಟೆಯೊಳಗೆ ವರದಿ ಮಾಡಬೇಕೆಂದಿತು. ಅಲ್ಲಿಯವರೆಗೆ ಇದ್ದದ್ದು ಸ್ವಯಂಪ್ರೇರಿತ ಮಾರ್ಗಸೂಚಿ ಮಾತ್ರ. ಜೂನ್ 7ರಂದು ನ್ಯಾಯ ಇಲಾಖೆ, ಕೊಟ್ಟ 75 ಬಿಟ್‌ಕಾಯಿನ್‌ಗಳಲ್ಲಿ 63.7ನ್ನು ಮರಳಿ ವಶಪಡಿಸಿಕೊಂಡಿದ್ದೇವೆ ಎಂದು ಪ್ರಕಟಿಸಿತು. ಜೂನ್ 16ರಂದು ಜಿನೀವಾದಲ್ಲಿ ಅಧ್ಯಕ್ಷ ಜೋ ಬೈಡನ್ ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರ ಕೈಗೆ ಅತ್ಯಗತ್ಯ ಮೂಲಸೌಕರ್ಯದ 16 ಕ್ಷೇತ್ರಗಳ ಪಟ್ಟಿ ಕೊಟ್ಟು, ಇವುಗಳ ತಂಟೆಗೆ ಯಾರೂ ಬರಕೂಡದು ಎಂದರು.

ತುರ್ತು ನೆರವು, ಕಡ್ಡಾಯ ನಿಯಮ, ಹಣದ ಬೆನ್ನಟ್ಟುವಿಕೆ, ರಾಜತಾಂತ್ರಿಕ ಒತ್ತಡ. ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಸುದ್ದಿಗೆ ಮಾತ್ರ ಚೆನ್ನ ಎಂದು ತಿಳಿಯಲು ಇನ್ನೂ ಕೆಲವು ದಾಳಿಗಳನ್ನು ಹತ್ತಿರದಿಂದ ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ‘ಒತ್ತೆಹಣ ಕೊಡುವುದಿಲ್ಲ’ ಎಂಬ ನಿಲುವು ಸರಿಯಾದದ್ದೇ. ಆದರೆ ಆ ಮಾತನ್ನು ಆಡುವ ಸಾಮರ್ಥ್ಯ ದಾಳಿಯ ದಿನ ಬರುವುದಿಲ್ಲ. ವರ್ಷಗಳ ಮುಂಚೆ ಬ್ಯಾಕಪ್‌ಗೆ, ಸಿಬ್ಬಂದಿಗೆ, ಅಭ್ಯಾಸಕ್ಕೆ ಹಣ ಇಟ್ಟ ಸರ್ಕಾರಕ್ಕೆ ಮಾತ್ರ ಅದು ಬರುತ್ತದೆ. ಉಳಿದವರು ಅದೇ ಮಾತು ಆಡಿದಾಗ ಅದರ ಬೆಲೆಯನ್ನು ರೋಗಿಗಳು, ಸಂಬಳಕ್ಕೆ ಕಾದವರು, ವಿಮಾನ ನಿಲ್ದಾಣದಲ್ಲಿ ನಿಂತವರು ತೆರುತ್ತಾರೆ.

ದಾಳಿಕೋರರ ಕೈಯಲ್ಲಿರುವ ಆಯುಧ ಸಮಯ

ರ‍್ಯಾನ್ಸಮ್‌ವೇರ್ ಎಂದರೆ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಗಾಗಿ ಹಣ ಕೇಳುವ ತಂತ್ರಾಂಶ. ಈಗ ಬಹುಪಾಲು ಗುಂಪುಗಳು ಬೀಗ ಹಾಕುವ ಮುನ್ನ ಮಾಹಿತಿಯನ್ನು ನಕಲು ಮಾಡಿಕೊಂಡು, ಕೊಡದಿದ್ದರೆ ಬಯಲಿಗೆ ಹಾಕುತ್ತೇವೆ ಎಂದೂ ಹೆದರಿಸುತ್ತವೆ. ಇದರ ಹಿಂದೆ ಒಬ್ಬ ಒಂಟಿ ಹ್ಯಾಕರ್ ಇರುವುದು ಅಪರೂಪ. ತಂತ್ರಾಂಶ ಬರೆದು, ಸುಲಿಗೆಯ ಜಾಲತಾಣ ನಡೆಸುವ ತಂಡ ಒಂದು. ಅದನ್ನು ಬಾಡಿಗೆಗೆ ಪಡೆದು ಸಂಸ್ಥೆಗಳ ಒಳಗೆ ನುಗ್ಗುವವರು ಇನ್ನೊಬ್ಬರು. ಕದ್ದ ಪಾಸ್‌ವರ್ಡ್ ಮಾರುವವರು ಮತ್ತೊಬ್ಬರು. ಬಂದ ಹಣದಲ್ಲಿ ಪಾಲು.

ಸಾಮಾನ್ಯ ಕಂಪನಿಗೆ ಕೆಲವು ದಿನ ಕೆಲಸ ನಿಂತರೆ ನಷ್ಟ. ಆಸ್ಪತ್ರೆ, ವಿದ್ಯುತ್ ಜಾಲ, ನೀರು ಶುದ್ಧೀಕರಣ ಘಟಕ, ಬಂದರು ನಿಂತರೆ ಅದಕ್ಕೆ ಸಂಬಂಧವೇ ಇಲ್ಲದ ಲಕ್ಷಾಂತರ ಜನರಿಗೆ ತೊಂದರೆ. 2023ರ ಜುಲೈನಲ್ಲಿ ಜಪಾನಿನ ನಗೋಯಾ ಬಂದರಿನ ಕಂಟೇನರ್ ನಿರ್ವಹಣಾ ವ್ಯವಸ್ಥೆಗೆ ದಾಳಿಯಾದಾಗ, ದೇಶದ ಅತಿ ದೊಡ್ಡ ಬಂದರಿನಲ್ಲಿ ಎರಡು ದಿನಕ್ಕೂ ಹೆಚ್ಚು ಕಾಲ ಕಂಟೇನರ್‌ಗಳು ಅಲುಗಲಿಲ್ಲ. 2024ರ ಜೂನ್‌ನಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ಮಾಡಿಕೊಡುವ ಸಿನೊವಿಸ್ ಸಂಸ್ಥೆಯ ಮೇಲೆ ಕಿಲಿನ್ ಗುಂಪು ದಾಳಿ ಮಾಡಿತು. ರೋಗಿಯ ರಕ್ತದ ಗುಂಪನ್ನು ಎಂದಿನ ವೇಗದಲ್ಲಿ ಹೊಂದಿಸಿ ನೋಡಲು ಸಾಧ್ಯವಾಗಲಿಲ್ಲ. ಹಾಗಾದಾಗ ವೈದ್ಯರಿಗೆ ಉಳಿಯುವ ಸುರಕ್ಷಿತ ದಾರಿ ಎಲ್ಲರಿಗೂ ಹೊಂದುವ ಒ ಗುಂಪಿನ ರಕ್ತ. ಅದರ ಬಳಕೆ ಏರಿ, ಒ ಗುಂಪಿನ ದಾನಿಗಳು ದಯವಿಟ್ಟು ಮುಂದೆ ಬನ್ನಿ ಎಂದು ಬ್ರಿಟನ್ನಿನ ಆರೋಗ್ಯ ಸೇವೆ ಮನವಿ ಮಾಡಬೇಕಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಹೊರರೋಗಿಗಳ ಭೇಟಿಗಳು ಮುಂದಕ್ಕೆ ಹೋದವು. ರಕ್ತಪರೀಕ್ಷೆಯ ವರದಿ ಬರಲು ತಡವಾದದ್ದು ಒಬ್ಬ ರೋಗಿಯ ಸಾವಿಗೆ ಕಾರಣಗಳಲ್ಲೊಂದಾಯಿತು ಎಂದು ಮರುವರ್ಷ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಆಡಳಿತವೇ ದೃಢಪಡಿಸಿತು.

ಇಂಥ ಜಾಗಗಳನ್ನು ದಾಳಿಕೋರರು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಇಲ್ಲಿ ಕಾಯುವ ಶಕ್ತಿ ಯಾರಿಗೂ ಇಲ್ಲ.

ಐರ್ಲೆಂಡ್: ಎಂಟು ವಾರಗಳ ಎಚ್ಚರಿಕೆ

ಸರ್ಕಾರವೊಂದು ಹಣ ಕೊಡದೆ ಗಟ್ಟಿಯಾಗಿ ನಿಂತ ಉದಾಹರಣೆ ಎಂದು ಐರ್ಲೆಂಡನ್ನು ಎಲ್ಲರೂ ನೆನೆಯುತ್ತಾರೆ. ಕಥೆಯ ಪೂರ್ತಿ ಭಾಗ ಗೊತ್ತಾದರೆ ಪಾಠ ಸ್ವಲ್ಪ ಬೇರೆಯೇ ಆಗುತ್ತದೆ.

2021ರ ಮಾರ್ಚ್ 18ರಂದು ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಎಚ್‌ಎಸ್‌ಇಯ ಒಬ್ಬ ಸಿಬ್ಬಂದಿ, ಇಮೇಲ್‌ನಲ್ಲಿ ಬಂದಿದ್ದ ಎಕ್ಸೆಲ್ ಕಡತವೊಂದನ್ನು ತೆರೆದರು. ಅದರೊಳಗಿದ್ದ ದುರುದ್ದೇಶದ ತಂತ್ರಾಂಶ ಆ ಕಂಪ್ಯೂಟರ್‌ಗೆ ಇಳಿಯಿತು. ಮಾರ್ಚ್ 31ರಂದು ಅದೇ ಕಂಪ್ಯೂಟರ್‌ನ ಆಂಟಿವೈರಸ್, ದಾಳಿಕೋರರು ಬಳಸುವ ಸಾಧನಗಳನ್ನು ಗುರುತಿಸಿತು. ಆದರೆ ಅದನ್ನು ‘ಗಮನಿಸು’ ಎಂಬ ಸ್ಥಿತಿಯಲ್ಲಿ ಇಟ್ಟಿದ್ದರು, ‘ತಡೆ’ ಎಂಬ ಸ್ಥಿತಿಯಲ್ಲಿ ಅಲ್ಲ. ಗಮನಿಸಿತು, ಅಷ್ಟೇ. ಮೇ ಎರಡನೆಯ ವಾರದ ಹೊತ್ತಿಗೆ ಹಲವು ಆಸ್ಪತ್ರೆಗಳ ಜಾಲದೊಳಗೆ ದಾಳಿಕೋರರು ಓಡಾಡುತ್ತಿದ್ದರು. ಎಚ್ಚರಿಕೆಯ ಸಂದೇಶಗಳು ಒಂದಲ್ಲ, ಹಲವು ಬಂದಿದ್ದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಇದು ಒಂದೇ ದಾಳಿ ಎಂದು ಹೇಳುವ ಹೊಣೆ ಯಾರ ಮೇಜಿನ ಮೇಲೂ ಇರಲಿಲ್ಲ. ಮೇ 14ರ ಮುಂಜಾನೆ ಕಾಂಟಿ ಗುಂಪು ಬೀಗ ಹಾಕಿತು.

ಸಂಸ್ಥೆ ದೇಶದಾದ್ಯಂತ ತನ್ನ ಎಲ್ಲ ವ್ಯವಸ್ಥೆಗಳನ್ನು ಆರಿಸಬೇಕಾಯಿತು. ವೈದ್ಯರು ಪೆನ್ನು, ಕಾಗದಕ್ಕೆ ಮರಳಿದರು. ಹಳೆಯ ಸ್ಕ್ಯಾನ್‌ಗಳು ಕಾಣಿಸುತ್ತಿರಲಿಲ್ಲ, ಪ್ರಯೋಗಾಲಯದ ವರದಿಗಳನ್ನು ಕೈಯಲ್ಲಿ ಹಿಡಿದು ಓಡಾಡಬೇಕಾಯಿತು, ಕ್ಯಾನ್ಸರ್ ರೋಗಿಗಳ ವಿಕಿರಣ ಚಿಕಿತ್ಸೆಗೆ ಅಡ್ಡಿಯಾಯಿತು. ಸರ್ಕಾರ ಹಣ ಕೊಡುವುದಿಲ್ಲ ಎಂದು ಮೊದಲ ದಿನವೇ ಘೋಷಿಸಿ, ಸೇನೆಯ ಸಿಬ್ಬಂದಿಯನ್ನೂ ನೆರವಿಗೆ ಇಳಿಸಿತು. ಕದ್ದ ಮಾಹಿತಿಯನ್ನು ಯಾರೂ ಹಂಚಕೂಡದೆಂದು ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಮೇ 20ರಂದು, ಕಾರಣ ಏನೇ ಇರಲಿ, ಕಾಂಟಿ ಗುಂಪೇ ಕೀಲಿಯನ್ನು ಪುಕ್ಕಟೆಯಾಗಿ ಕೊಟ್ಟಿತು.

ಕೀಲಿ ಕೈಗೆ ಬಂದ ಮೇಲೂ ಹೆಚ್ಚುಕಡಿಮೆ ಎಲ್ಲ ವ್ಯವಸ್ಥೆಗಳು ಮತ್ತೆ ನಡೆಯಲು ಸೆಪ್ಟೆಂಬರ್ ಆಯಿತು. ಕೀಲಿ ಸಿಕ್ಕರೆ ಸಮಸ್ಯೆ ಮುಗಿಯಿತು ಎಂಬ ಕಲ್ಪನೆ ಇಲ್ಲಿ ಒಡೆಯುತ್ತದೆ. ಪ್ರತಿಯೊಂದು ಸರ್ವರ್ ಅನ್ನು ಬಿಡಿಸಿ, ಒಳಗೆ ದಾಳಿಕೋರರು ಬಿಟ್ಟುಹೋದ ಕಳ್ಳದಾರಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಜಾಲಕ್ಕೆ ಜೋಡಿಸಬೇಕು. ಆ ವರ್ಷದ ಕೊನೆಗೆ ಪ್ರಕಟವಾದ ಸ್ವತಂತ್ರ ಪರಿಶೀಲನಾ ವರದಿ ನೇರವಾಗಿ ಮಾತಾಡಿತು: ಸೈಬರ್ ಭದ್ರತೆಗೆಂದೇ ಒಬ್ಬ ಹಿರಿಯ ಹೊಣೆಗಾರ ಅಧಿಕಾರಿ ಇರಲಿಲ್ಲ, ಸುಮಾರು 30,000 ಕಂಪ್ಯೂಟರ್‌ಗಳು ಅವಧಿ ಮುಗಿದ ವಿಂಡೋಸ್ 7ರಲ್ಲಿ ನಡೆಯುತ್ತಿದ್ದವು. ಈ ವರದಿಯನ್ನು ಮುಚ್ಚಿಡದೆ ಇಡೀ ಜಗತ್ತು ಓದುವಂತೆ ಪ್ರಕಟಿಸಿದ್ದು, ನನ್ನ ದೃಷ್ಟಿಯಲ್ಲಿ, ಆ ಪ್ರಕರಣದಲ್ಲಿ ನಡೆದ ಅತ್ಯಂತ ಒಳ್ಳೆಯ ಕೆಲಸ. ಬೇರೆ ದೇಶಗಳ ಆಸ್ಪತ್ರೆಗಳು ಅದನ್ನು ತಮ್ಮ ತಪಾಸಣಾ ಪಟ್ಟಿಯಂತೆ ಬಳಸಬಹುದು.

ಬೇಡ ಎಂದವರು, ಕೊಟ್ಟವರು

2022ರ ಏಪ್ರಿಲ್‌ನಲ್ಲಿ ಅದೇ ಕಾಂಟಿ ಗುಂಪು ಕೋಸ್ಟರಿಕಾದ ಹಣಕಾಸು ಸಚಿವಾಲಯಕ್ಕೆ ನುಗ್ಗಿತು. ತೆರಿಗೆ ಸಲ್ಲಿಕೆ ನಿಂತಿತು, ಸುಂಕ ವ್ಯವಸ್ಥೆ ನಿಂತು ಆಮದು–ರಫ್ತಿನ ಸರಕು ಸಿಕ್ಕಿಬಿತ್ತು. ಕೇಳಿದ್ದು ಮೊದಲು ಒಂದು ಕೋಟಿ ಡಾಲರ್, ಆಮೇಲೆ ಎರಡು ಕೋಟಿ. ಆಗಿನ ಅಧ್ಯಕ್ಷ ಕಾರ್ಲೋಸ್ ಅಲ್ವರಾಡೊ ಒಪ್ಪಲಿಲ್ಲ. ಮೇ 8ರಂದು ಅಧಿಕಾರಕ್ಕೆ ಬಂದ ರೊಡ್ರಿಗೊ ಚಾವೇಸ್ ಮೊದಲ ದಿನವೇ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದರು. ರ‍್ಯಾನ್ಸಮ್‌ವೇರ್ ಕಾರಣಕ್ಕೆ ದೇಶವೊಂದು ಹೀಗೆ ಮಾಡಿದ್ದು ಅದೇ ಮೊದಲು. ತುರ್ತುಸ್ಥಿತಿಯಿಂದ ಆಗುವ ಅನುಕೂಲ, ಖರೀದಿ ನಿಯಮಗಳ ತಿಂಗಳುಗಟ್ಟಲೆಯ ಪ್ರಕ್ರಿಯೆ ಬಿಟ್ಟು ಬೇಕಾದದ್ದನ್ನು ತಕ್ಷಣ ಕೊಳ್ಳಬಹುದು, ಇಲಾಖೆಗಳಿಗೆ ಒಂದೇ ಕಡೆಯಿಂದ ಆದೇಶ ಕೊಡಬಹುದು. ಅದು ದಾಳಿಯನ್ನು ತಡೆಯಲಾರದು. ಮೇ 31ರಂದು ಹೈವ್ ಎಂಬ ಇನ್ನೊಂದು ಗುಂಪಿನ ತಂತ್ರಾಂಶ ದೇಶದ ಸಾಮಾಜಿಕ ಭದ್ರತಾ ಮತ್ತು ಆಸ್ಪತ್ರೆ ವ್ಯವಸ್ಥೆಯನ್ನು ಕೆಡವಿತು. ಅಮೆರಿಕ ಕಾಂಟಿ ನಾಯಕರ ಸುಳಿವಿಗೆ ಒಂದು ಕೋಟಿ ಡಾಲರ್‌ವರೆಗಿನ ಬಹುಮಾನ ಘೋಷಿಸಿತು, ಮುಂದೆ ಕೋಸ್ಟರಿಕಾದ ಸೈಬರ್ ರಕ್ಷಣೆ ಕಟ್ಟಲು 2.5 ಕೋಟಿ ಡಾಲರ್ ನೆರವನ್ನೂ ಕೊಟ್ಟಿತು. ಸಣ್ಣ ದೇಶಗಳ ಮಟ್ಟಿಗೆ ಬಹುಮಾನಕ್ಕಿಂತ ಈ ಎರಡನೆಯದು ಹೆಚ್ಚು ಉಪಯುಕ್ತ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಂಡೊನೇಷ್ಯಾದ್ದು ಇನ್ನೂ ಕಣ್ಣು ತೆರೆಸುವ ಪ್ರಕರಣ. 2024ರ ಜೂನ್ 20ರಂದು ಸುರಬಾಯಾದಲ್ಲಿದ್ದ ತಾತ್ಕಾಲಿಕ ರಾಷ್ಟ್ರೀಯ ದತ್ತಾಂಶ ಕೇಂದ್ರಕ್ಕೆ ದಾಳಿಯಾಯಿತು. ಇನ್ನೂರಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸೇವೆಗಳು ಏರುಪೇರಾದವು, ವಿಮಾನ ನಿಲ್ದಾಣಗಳ ವಲಸೆ ಕೌಂಟರ್‌ಗಳ ಮುಂದೆ ಉದ್ದುದ್ದ ಸಾಲು ನಿಂತಿತು. ಕೇಳಿದ್ದು 80 ಲಕ್ಷ ಡಾಲರ್. ಸರ್ಕಾರ ಕೊಡುವುದಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಸಂಸತ್ ಸಮಿತಿಯ ಮುಂದೆ ಹೊರಬಿದ್ದ ಸತ್ಯ: ಆ ಕೇಂದ್ರದಲ್ಲಿದ್ದ ದತ್ತಾಂಶದ ಶೇ 98ರಷ್ಟಕ್ಕೆ ಬ್ಯಾಕಪ್ಪೇ ಇರಲಿಲ್ಲ. ಬ್ಯಾಕಪ್ ಸೌಲಭ್ಯ ಇತ್ತು. ಬಳಸುವುದು ಬಿಡುವುದು ಆಯಾ ಇಲಾಖೆಯ ಇಷ್ಟಕ್ಕೆ ಬಿಟ್ಟಿದ್ದರು, ಬಜೆಟ್ ಸಾಲದೆಂದು ಇಲಾಖೆಗಳು ಬಿಟ್ಟಿದ್ದವು. ಅಧ್ಯಕ್ಷ ಜೋಕೊ ವಿಡೊಡೊ ಲೆಕ್ಕಪರಿಶೋಧನೆಗೆ ಆದೇಶಿಸಿದರು, ಬ್ಯಾಕಪ್ ಇನ್ನು ಕಡ್ಡಾಯ ಎಂದು ಸರ್ಕಾರ ಪ್ರಕಟಿಸಿತು, ಹಿರಿಯ ಅಧಿಕಾರಿಯೊಬ್ಬರು ರಾಜೀನಾಮೆ ಕೊಟ್ಟರು. ಜುಲೈ ಆರಂಭದಲ್ಲಿ ದಾಳಿಕೋರರೇ ಕ್ಷಮೆ ಕೇಳಿ ಕೀಲಿಯನ್ನು ಉಚಿತವಾಗಿ ಬಿಡುಗಡೆ ಮಾಡಿದರು. ಐರ್ಲೆಂಡ್, ಇಂಡೊನೇಷ್ಯಾ ಎರಡೂ ಕಡೆ ಸರ್ಕಾರದ ಗಟ್ಟಿ ನಿಲುವನ್ನು ಕೊನೆಗೆ ಕಾಪಾಡಿದ್ದರಲ್ಲಿ ದಾಳಿಕೋರರ ಮನಸ್ಸು ಬದಲಾದದ್ದಕ್ಕೂ ಪಾಲಿದೆ. ಅದನ್ನೇ ನಂಬಿ ನೀತಿ ಮಾಡಲಾಗದು.

ಹಾಗಾದರೆ ಕೊಟ್ಟುಬಿಡುವುದು ಸುರಕ್ಷಿತವೇ? ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಪ್ರಕರಣ ಇದಕ್ಕೆ ಉತ್ತರ. ಆಸ್ಪತ್ರೆ, ಔಷಧ ಅಂಗಡಿ ಮತ್ತು ವಿಮಾ ಕಂಪನಿಗಳ ನಡುವಿನ ಲೆಕ್ಕಾಚಾರವನ್ನು ನಡೆಸುವ ಈ ಸಂಸ್ಥೆಗೆ 2024ರ ಫೆಬ್ರವರಿ 21ರಂದು ಬೀಗ ಬಿತ್ತು. ಕದ್ದ ಪಾಸ್‌ವರ್ಡ್, ಎರಡನೆಯ ಹಂತದ ದೃಢೀಕರಣವಿಲ್ಲದ ದೂರದಿಂದ ಜಾಲದೊಳಗೆ ಬರಲು ಇದ್ದ ಒಂದು ಪೋರ್ಟಲ್. ಕಲೋನಿಯಲ್ ಆಗಿ ಮೂರು ವರ್ಷವಾಗುತ್ತಾ ಬಂದಿತ್ತು, ಬಾಗಿಲು ಮಾತ್ರ ಅದೇ. ದೇಶದಾದ್ಯಂತ ವೈದ್ಯರಿಗೆ ಬರಬೇಕಾದ ಹಣ ನಿಂತು, ಸರ್ಕಾರ ಮುಂಗಡ ಪಾವತಿಯ ವ್ಯವಸ್ಥೆ ಮಾಡಬೇಕಾಯಿತು. ಮಾತೃಸಂಸ್ಥೆ 2.2 ಕೋಟಿ ಡಾಲರ್ ಒತ್ತೆಹಣ ಕೊಟ್ಟಿತು. ಹಣ ಪಡೆದ ಬ್ಲ್ಯಾಕ್‌ಕ್ಯಾಟ್ ಗುಂಪು ತನ್ನದೇ ಪಾಲುದಾರನಿಗೆ ಪಾಲು ಕೊಡದೆ ಅಂಗಡಿ ಮುಚ್ಚಿ ಮಾಯವಾಯಿತು. ಕದ್ದ ಮಾಹಿತಿ ಇನ್ನೂ ಹೊರಗೇ ಉಳಿಯಿತು, ಬೇರೊಂದು ಗುಂಪು ಅದನ್ನೇ ತೋರಿಸಿ ಮತ್ತೆ ಹಣ ಕೇಳಿತು. ಸುಮಾರು 19 ಕೋಟಿ ಜನರ ಮಾಹಿತಿ ಸೋರಿತ್ತು. 2024ರಲ್ಲಿ ಬ್ರಿಟನ್ ಪೊಲೀಸರು ಲಾಕ್‌ಬಿಟ್ ಗುಂಪಿನ ಸರ್ವರ್‌ಗಳೊಳಗೆ ಹೋಗಿ ನೋಡಿದಾಗಲೂ, ಹಣ ಕೊಟ್ಟವರ ಮಾಹಿತಿ ಅಳಿಸದೆ ಅಲ್ಲೇ ಇತ್ತು.

ನಿಷೇಧ ಎಂಬ ಕಾನೂನು

ಕೊಡುವವರು ಇರುವವರೆಗೆ ಕೇಳುವವರು ಇರುತ್ತಾರೆ, ಆದ್ದರಿಂದ ಕೊಡುವುದನ್ನೇ ಕಾನೂನುಬಾಹಿರ ಮಾಡಿ ಎಂಬುದು ಒಂದು ವಾದ. ಅಮೆರಿಕದ ಉತ್ತರ ಕೆರೊಲಿನಾ 2021ರಲ್ಲಿ, ಫ್ಲಾರಿಡಾ 2022ರಲ್ಲಿ ತಮ್ಮ ಸರ್ಕಾರಿ ಸಂಸ್ಥೆಗಳು ಒತ್ತೆಹಣ ಕೊಡುವುದನ್ನು ನಿಷೇಧಿಸಿದವು. ಅಮೆರಿಕ ಮುಂದಾಗಿ ಕಟ್ಟಿದ ರ‍್ಯಾನ್ಸಮ್‌ವೇರ್ ವಿರೋಧಿ ಒಕ್ಕೂಟದ ಬಹುತೇಕ ದೇಶಗಳು, ರಾಷ್ಟ್ರ ಸರ್ಕಾರಗಳು ಒತ್ತೆಹಣ ಕೊಡಬಾರದು ಎಂಬ ಹೇಳಿಕೆಗೆ 2023ರಲ್ಲಿ ಒಪ್ಪಿದವು. ಸಾರ್ವಜನಿಕ ಸಂಸ್ಥೆಗಳ ಜೊತೆಗೆ ಅತ್ಯಗತ್ಯ ಮೂಲಸೌಕರ್ಯ ನಡೆಸುವ ಸಂಸ್ಥೆಗಳೂ ಕೊಡಕೂಡದು ಎಂಬ ಪ್ರಸ್ತಾವವನ್ನು ಮುಂದಕ್ಕೆ ಒಯ್ಯುತ್ತೇವೆ ಎಂದು ಬ್ರಿಟನ್ 2025ರ ಜುಲೈನಲ್ಲಿ ಹೇಳಿತು. ಉಳಿದ ಕಂಪನಿಗಳು ಕೊಡುವ ಮುನ್ನ ಸರ್ಕಾರಕ್ಕೆ ತಿಳಿಸಬೇಕು ಎಂಬುದೂ ಆ ಪ್ರಸ್ತಾವದಲ್ಲಿತ್ತು.

ಇನ್ನೊಂದು ದಾರಿ ಪರೋಕ್ಷವಾದದ್ದು. ಒಂದು ಗುಂಪನ್ನು ನಿರ್ಬಂಧ ಪಟ್ಟಿಗೆ ಸೇರಿಸಿದರೆ ಅದಕ್ಕೆ ಹಣ ಕೊಡುವುದೇ ಅಪರಾಧವಾಗುತ್ತದೆ. ಅಮೆರಿಕದ ಖಜಾನೆ ಇಲಾಖೆ 2019ರ ಡಿಸೆಂಬರ್‌ನಲ್ಲಿ ಈವಿಲ್ ಕಾರ್ಪ್ ಗುಂಪಿನ ಮೇಲೆ ನಿರ್ಬಂಧ ಹೇರಿತು. 2021ರಲ್ಲಿ ಒತ್ತೆಹಣದ ಮೂಲವನ್ನು ಮರೆಮಾಚಲು ನೆರವಾದ ಸುಯೆಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದ ಮೇಲೂ ಹೇರಿತು, ಅಂಥ ಕೇಂದ್ರವೊಂದರ ಮೇಲೆ ಅದೇ ಮೊದಲ ಕ್ರಮ. ಗುಂಪುಗಳು ಹೆಸರು ಬದಲಿಸಿ ತಪ್ಪಿಸಿಕೊಳ್ಳಲು ನೋಡುತ್ತವೆ ನಿಜ. ಆದರೆ ಹಣ ಕೊಡುವ ಮುನ್ನ ಕಂಪನಿಯ ವಕೀಲರು, ವಿಮೆಯವರು ಎರಡು ಸಲ ಯೋಚಿಸುವಂತಾಗಿದೆ.

ನಿಷೇಧದ ವಿರುದ್ಧದ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ತೀವ್ರ ನಿಗಾ ಘಟಕದಲ್ಲಿ ರೋಗಿಗಳಿದ್ದಾರೆ, ಬ್ಯಾಕಪ್ ಕೂಡ ನಾಶವಾಗಿದೆ, ಕೀಲಿಯೊಂದೇ ದಾರಿ ಎನ್ನುವಾಗ ಆಸ್ಪತ್ರೆಯ ಮುಖ್ಯಸ್ಥರು ಕಾನೂನು ನೋಡಬೇಕೇ, ಜೀವ ನೋಡಬೇಕೇ? ನಿಷೇಧವಿದ್ದರೆ ಕೆಲವರು ಗುಟ್ಟಾಗಿ ಕೊಟ್ಟು, ದಾಳಿಯನ್ನೇ ಮುಚ್ಚಿಡಬಹುದು. ವಿನಾಯಿತಿ ಇಟ್ಟರೆ ದಾಳಿಕೋರರು ವಿನಾಯಿತಿ ಇರುವ ಕಡೆಗೇ ಹೋಗುತ್ತಾರೆ. ಬೇಡ ಎಂದು ಹೇಳುವ ಕಾನೂನು ಅಲ್ಲಿಗೇ ನಿಂತರೆ ಅದು ಅರ್ಧ ಕಾನೂನು. ಮರುಸ್ಥಾಪನೆಗೆ ಸಿದ್ಧವಿರುವ ತಂಡ, ಬದಲಿ ಸಾಧನಗಳು, ಮೀಸಲು ನಿಧಿ ಇವಿಷ್ಟನ್ನೂ ಸರ್ಕಾರವೇ ಇಟ್ಟುಕೊಂಡಿದ್ದರೆ ಆ ಮುಖ್ಯಸ್ಥರ ಮುಂದೆ ಮೂರನೆಯ ದಾರಿಯೊಂದು ಇರುತ್ತದೆ.

ಮೊದಲ ಫೋನ್ ಕರೆ

ದಾಳಿಯಾಗಿದೆ ಎಂದು ಒಪ್ಪಿಕೊಳ್ಳಲು ಯಾವ ಸಂಸ್ಥೆಗೂ ಇಷ್ಟವಿರುವುದಿಲ್ಲ. ಹೆಸರು ಕೆಡುತ್ತದೆ, ದಂಡ ಬೀಳುತ್ತದೆ, ಮೊಕದ್ದಮೆ ಬರುತ್ತದೆ. ಹೀಗಾಗಿ ವರದಿ ಮಾಡುವುದನ್ನು ಕಡ್ಡಾಯ ಮಾಡುವುದು ಈಗ ಹಲವು ಕಡೆಯ ನಿಯಮ. ಐರೋಪ್ಯ ಒಕ್ಕೂಟದ ಎನ್‌ಐಎಸ್2 ಎಂಬ ಸೈಬರ್ ಭದ್ರತಾ ನಿರ್ದೇಶನದಡಿ 24 ಗಂಟೆಯೊಳಗೆ ಮೊದಲ ಎಚ್ಚರಿಕೆ, 72 ಗಂಟೆಯೊಳಗೆ ವಿವರ, ಒಂದು ತಿಂಗಳಲ್ಲಿ ಅಂತಿಮ ವರದಿ ಕೊಡಬೇಕು. ಭಾರತದಲ್ಲಿ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಗಡುವು ಆರೇ ಗಂಟೆ. ಅಮೆರಿಕ 2022ರಲ್ಲಿ ಮಾಡಿದ ಕಾನೂನು ಅತ್ಯಗತ್ಯ ಸೇವೆಗಳಿಗೆ ಘಟನೆ ತಿಳಿಸಲು 72 ಗಂಟೆ, ಒತ್ತೆಹಣ ಕೊಟ್ಟಿದ್ದರೆ 24 ಗಂಟೆ ಎಂದು ಗೊತ್ತುಪಡಿಸಿತು. ಆಸ್ಟ್ರೇಲಿಯಾದಲ್ಲಿ 2025ರ ಮೇ 30ರಿಂದ ನಿಗದಿತ ವಹಿವಾಟಿಗಿಂತ ಮೇಲಿನ ಕಂಪನಿಗಳು ಹಣ ಕೊಟ್ಟ 72 ಗಂಟೆಯೊಳಗೆ ಸರ್ಕಾರಕ್ಕೆ ಹೇಳಲೇಬೇಕು.

ಈ ಗಡುವುಗಳ ಗಂಟೆ ಲೆಕ್ಕಕ್ಕಿಂತ, ವರದಿ ಬಂದ ಮೇಲೆ ಆ ಕಡೆಯವರು ಏನು ಮಾಡುತ್ತಾರೆ ಎಂಬುದು ದೊಡ್ಡ ವಿಷಯ. ವರದಿ ಪಡೆದ ಸಂಸ್ಥೆ ಅದನ್ನು ಕಡತದಲ್ಲಿಟ್ಟು, ವಾರದ ನಂತರ ನೋಟಿಸ್ ಕಳಿಸಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಆಸ್ಟ್ರೇಲಿಯಾ 2024ರ ಕಾನೂನಿನಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಹುಡುಕಿದೆ: ನೆರವಿಗಾಗಿ ಹಂಚಿಕೊಂಡ ಮಾಹಿತಿಯನ್ನು ಅದೇ ಸಂಸ್ಥೆಯ ವಿರುದ್ಧ ದಂಡ ಹಾಕಲು ಬಳಸುವುದಕ್ಕೆ ಮಿತಿ ಹಾಕಿದೆ.

ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ನಡೆಸುವ ಇನ್ನೊಂದು ಕೆಲಸ ಸುದ್ದಿಯಾಗುವುದೇ ಇಲ್ಲ. ದಾಳಿಕೋರರು ಒಳಗೆ ಬಂದ ಕ್ಷಣಕ್ಕೂ ಬೀಗ ಹಾಕುವ ಕ್ಷಣಕ್ಕೂ ನಡುವೆ ಕೆಲವು ಗಂಟೆ ಅಥವಾ ದಿನಗಳ ಅವಕಾಶ ಇರುತ್ತದೆ. ಸಂಶೋಧಕರಿಂದ ಸುಳಿವು ಪಡೆದು, ನಿಮ್ಮ ಜಾಲದೊಳಗೆ ಕಳ್ಳರಿದ್ದಾರೆ ಎಂದು ನೇರವಾಗಿ ಕರೆ ಮಾಡಿ ಹೇಳುವುದು ಈ ಯೋಜನೆ. 2023ರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಎಚ್ಚರಿಕೆಗಳು ಹೋದವು. ಐರ್ಲೆಂಡಿನಲ್ಲಿ ಎಂಟು ವಾರ ವ್ಯರ್ಥವಾದದ್ದನ್ನು ನೆನೆದರೆ, ಇಂಥ ಒಂದು ಕರೆ ಎಷ್ಟು ಬೆಲೆಯುಳ್ಳದ್ದು ಎಂದು ತಿಳಿಯುತ್ತದೆ. ಕರೆ ಎತ್ತಿಕೊಂಡು ಅರ್ಥಮಾಡಿಕೊಳ್ಳುವ ಒಬ್ಬ ವ್ಯಕ್ತಿ ಆ ಕಡೆ ಇರಬೇಕು, ಅಷ್ಟೇ.

ಗುಂಪುಗಳನ್ನು ಬೆನ್ನಟ್ಟುವುದು

ಇಂಥ ಅನೇಕ ಗುಂಪುಗಳ ಮುಖ್ಯಸ್ಥರು ರಷ್ಯಾದಂಥ ದೇಶದಲ್ಲಿ ಕೂತಿರುತ್ತಾರೆ, ಅಲ್ಲಿಂದ ಅವರನ್ನು ಒಪ್ಪಿಸುವುದಿಲ್ಲ. 2022ರ ಜನವರಿಯಲ್ಲಿ ರಷ್ಯಾದ ಆಂತರಿಕ ಭದ್ರತಾ ಸಂಸ್ಥೆ ಎಫ್‌ಎಸ್‌ಬಿ, ಅಮೆರಿಕದ ಕೋರಿಕೆಯ ಮೇರೆಗೆ ಎಂದು ಹೇಳಿ ರೆವಿಲ್ ಗುಂಪಿನ ಹಲವರನ್ನು ಬಂಧಿಸಿತು. ಮುಂದಿನ ತಿಂಗಳು ಉಕ್ರೇನ್ ಯುದ್ಧ ಶುರುವಾಗಿ ಆ ಬಾಗಿಲು ಮುಚ್ಚಿತು. ಬಂಧನ ಆಗದ ಕಡೆ ಪೊಲೀಸರು ಈಗ ಗುಂಪಿನ ವ್ಯವಸ್ಥೆಯನ್ನೇ ಒಡೆಯಲು ನೋಡುತ್ತಾರೆ.

ಇದರಲ್ಲಿ ನನಗೆ ಅತ್ಯುತ್ತಮ ಎನಿಸುವುದು ಹೈವ್ ಪ್ರಕರಣ. 2022ರ ಜುಲೈನಲ್ಲಿ ಎಫ್‌ಬಿಐ ಆ ಗುಂಪಿನ ಜಾಲದೊಳಗೆ ಸದ್ದಿಲ್ಲದೆ ನುಗ್ಗಿತು. ತಿಂಗಳುಗಟ್ಟಲೆ ಒಳಗಿದ್ದು ಕೀಲಿಗಳನ್ನು ತೆಗೆದು, ದಾಳಿಗೆ ಸಿಲುಕಿದ್ದ 300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಗುಟ್ಟಾಗಿ ತಲುಪಿಸಿತು. ಸುಮಾರು 13 ಕೋಟಿ ಡಾಲರ್ ಒತ್ತೆಹಣ ಹೋಗುವುದು ತಪ್ಪಿತು. 2023ರ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್ ಪೊಲೀಸರ ಜೊತೆ ಸೇರಿ ಸರ್ವರ್‌ಗಳನ್ನು ವಶಪಡಿಸಿಕೊಂಡ ಮೇಲೆಯೇ ಜಗತ್ತಿಗೆ ಇದು ಗೊತ್ತಾದದ್ದು.

ಗುಟ್ಟಾಗಿ ಒಳಗಿರುವುದರಲ್ಲಿ ಒಂದು ಕಷ್ಟದ ಪ್ರಶ್ನೆಯೂ ಇದೆ. 2021ರ ಜುಲೈನಲ್ಲಿ ಕಸೆಯಾ ಎಂಬ ತಂತ್ರಾಂಶ ಕಂಪನಿಯ ಮೂಲಕ ರೆವಿಲ್ ನೂರಾರು ಸಂಸ್ಥೆಗಳಿಗೆ ಏಕಕಾಲಕ್ಕೆ ಬೀಗ ಹಾಕಿದಾಗ, ಎಫ್‌ಬಿಐ ಬಳಿ ಕೀಲಿ ಬಂದಿತ್ತು. ಗುಂಪನ್ನೇ ಹಿಡಿಯುವ ಯೋಜನೆ ಕೆಡದಿರಲಿ ಎಂದು ಸುಮಾರು ಮೂರು ವಾರ ಅದನ್ನು ಹೊರಬಿಡಲಿಲ್ಲ. ಆ ದಿನಗಳಲ್ಲಿ ಬೀಗ ಬಿದ್ದ ಸಂಸ್ಥೆಗಳು ನಷ್ಟ ಅನುಭವಿಸುತ್ತಿದ್ದವು. ಯೋಜಿಸಿದ ಕಾರ್ಯಾಚರಣೆಗೆ ಮುಂಚೆಯೇ ರೆವಿಲ್ ತಾನಾಗಿ ಕಾಣೆಯಾಗಿಬಿಟ್ಟಿತ್ತು.

ಹೊಡೆದ ಹೊಡೆತ ತಿರುಗಿ ಬೀಳುವುದೂ ಉಂಟು. 2023ರ ಡಿಸೆಂಬರ್‌ನಲ್ಲಿ ಎಫ್‌ಬಿಐ ಬ್ಲ್ಯಾಕ್‌ಕ್ಯಾಟ್ ಗುಂಪಿನ ತಾಣಗಳನ್ನು ವಶಪಡಿಸಿಕೊಂಡು ನೂರಾರು ಸಂಸ್ಥೆಗಳಿಗೆ ಬಿಡಿಸುವ ಸಾಧನ ಕೊಟ್ಟಿತು. ಸಿಟ್ಟಿಗೆದ್ದ ಗುಂಪಿನ ಮುಖ್ಯಸ್ಥ, ಇನ್ನು ಆಸ್ಪತ್ರೆಗಳ ಮೇಲೂ ದಾಳಿ ಮಾಡಿ ಎಂದು ಪಾಲುದಾರರಿಗೆ ಹೇಳಿದ. ಮುಂದಿನ ಎರಡು ತಿಂಗಳಲ್ಲಿ ಆ ಗುಂಪಿನ ದಾಳಿಗೆ ಅತಿ ಹೆಚ್ಚು ಸಿಕ್ಕಿದ್ದು ಆರೋಗ್ಯ ಕ್ಷೇತ್ರವೇ. ಚೇಂಜ್ ಹೆಲ್ತ್‌ಕೇರ್ ಕೂಡ ಆ ಅವಧಿಯದ್ದು.

ಆದರೂ ಈ ಕೆಲಸ ನಿಲ್ಲಿಸಬೇಕೆಂದಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಟನ್ ಮುಂದಾಳತ್ವದಲ್ಲಿ ನಡೆದ ಕ್ರೋನೊಸ್ ಕಾರ್ಯಾಚರಣೆ ಲಾಕ್‌ಬಿಟ್‌ನ 34 ಸರ್ವರ್‌ಗಳನ್ನು ಕೆಡವಿತು, 200ಕ್ಕೂ ಹೆಚ್ಚು ಕ್ರಿಪ್ಟೊ ಖಾತೆಗಳನ್ನು ಸ್ಥಗಿತಗೊಳಿಸಿತು. ಪೊಲೀಸರು ಗುಂಪಿನದೇ ಜಾಲತಾಣವನ್ನು ಹಿಡಿದುಕೊಂಡು, ಅದರ ಮೇಲೆ ಗುಂಪಿನ ಒಳಗುಟ್ಟುಗಳನ್ನು ದಿನಕ್ಕಿಷ್ಟರಂತೆ ಪ್ರಕಟಿಸಿದರು. ಮೇ ತಿಂಗಳಲ್ಲಿ ಗುಂಪಿನ ಮುಖ್ಯಸ್ಥನೆಂದು ರಷ್ಯಾದ ದಿಮಿತ್ರಿ ಖೊರೊಶೆವ್ ಹೆಸರನ್ನು ಬಹಿರಂಗಪಡಿಸಿ ನಿರ್ಬಂಧ ಹೇರಿದರು. ಲಾಕ್‌ಬಿಟ್ ಒಂದು ವಾರದೊಳಗೆ ಮತ್ತೆ ತಾಣ ತೆರೆಯಿತು. ಆದರೆ ಪೊಲೀಸರು ಒಳಹೊಕ್ಕು ನೋಡಿದ ಗುಂಪಿನ ಜೊತೆ ಕೈಜೋಡಿಸಲು ಪಾಲುದಾರರು ಹಿಂಜರಿದರು, ಅದರ ಹಳೆಯ ಬಲ ಮರಳಲಿಲ್ಲ. ಕ್ರಿಪ್ಟೊ ವಹಿವಾಟು ವಿಶ್ಲೇಷಿಸುವ ಚೈನಾಲಿಸಿಸ್ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ನೂರು ಕೋಟಿ ಡಾಲರ್ ದಾಟಿದ್ದ ಒತ್ತೆಹಣದ ಪಾವತಿ 2024ರಲ್ಲಿ ಸುಮಾರು 81 ಕೋಟಿಗೆ ಇಳಿಯಿತು. ಪೊಲೀಸರ ಹೊಡೆತದ ಜೊತೆಗೆ, ಹಣ ಕೊಡಲು ಒಪ್ಪದವರ ಸಂಖ್ಯೆ ಹೆಚ್ಚಿದ್ದೂ ಇದಕ್ಕೆ ಕಾರಣ. ಒಪ್ಪದಿರಲು ಅವರಿಗೆ ಸಾಧ್ಯವಾದದ್ದರಲ್ಲಿ ಅವರ ಬಳಿ ಇದ್ದ ಬ್ಯಾಕಪ್‌ಗಳ ಪಾತ್ರ ದೊಡ್ಡದು.

ಈಗ ನೋಡಬೇಕಾದದ್ದು ಬ್ರಿಟನ್ನಿನ ನಿಷೇಧ ಯಾವ ರೂಪ ತಾಳುತ್ತದೆ ಎಂಬುದನ್ನು. ಸಿನೊವಿಸ್ ಆಸ್ಪತ್ರೆಯಲ್ಲ. ಎರಡು ಸರ್ಕಾರಿ ಆಸ್ಪತ್ರೆ ಸಮೂಹಗಳೂ ಒಂದು ಖಾಸಗಿ ಕಂಪನಿಯೂ ಸೇರಿ ಕಟ್ಟಿದ ಪ್ರಯೋಗಾಲಯ ಸಂಸ್ಥೆ. ಚೇಂಜ್ ಹೆಲ್ತ್‌ಕೇರ್ ಕೂಡ ಆಸ್ಪತ್ರೆಯಲ್ಲ, ಬಿಲ್ಲುಗಳನ್ನು ನೋಡಿಕೊಳ್ಳುವ ಕಂಪನಿ. ಅತ್ಯಗತ್ಯ ಸೇವೆಗಳನ್ನು ನಿಜವಾಗಿ ನಡೆಸುತ್ತಿರುವುದು ಇಂಥ ಹೊರಗಿನ ಪೂರೈಕೆದಾರರು. ಕಾನೂನಿನ ಪಟ್ಟಿಯಲ್ಲಿ ಇವರು ಇರಬೇಕು. ಇವರ ಪೋರ್ಟಲ್‌ಗಳಿಗೆ ಎರಡು ಹಂತದ ದೃಢೀಕರಣ ಇದೆಯೇ, ಜಾಲದಿಂದ ಬೇರ್ಪಟ್ಟ ಬ್ಯಾಕಪ್ ಇದೆಯೇ, ಅದರಿಂದ ವ್ಯವಸ್ಥೆಯನ್ನು ಮತ್ತೆ ಎಬ್ಬಿಸುವ ಅಭ್ಯಾಸವನ್ನು ಕೊನೆಯ ಬಾರಿ ಯಾವಾಗ ಮಾಡಿದರು ಎಂದು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುವ ತಪಾಸಕರು ಇರಬೇಕು. ಹಣ ಕೊಡಕೂಡದು ಎಂಬ ಕಲಮನ್ನು ಬರೆಯುವ ಶಾಸಕರು, ದಾಳಿಯಾದ ಆಸ್ಪತ್ರೆಗೆ ಎಷ್ಟು ಗಂಟೆಯೊಳಗೆ ಯಾವ ತಂಡ ಹೋಗುತ್ತದೆ, ಅದರ ಖರ್ಚು ಯಾರ ಬಜೆಟ್‌ನಿಂದ ಬರುತ್ತದೆ ಎಂಬುದನ್ನು ಅದೇ ಮಸೂದೆಯಲ್ಲಿ ಬರೆಯಬೇಕು.